ಭರತ ಬಂದಾಗ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ?

ಪುಷ್ಯ ಮಾಸದ ಚೌತಿಯಂದು ನನ್ನ ವಾರದ ರಜೆ ಬಿದ್ದರೆ ಆ ವರ್ಷ ಬೇರೆ ಹಬ್ಬ ಬೇಕಿಲ್ಲ. ನಾನು ಕುಮಟಾ–ಗೋಕರ್ಣ ಬಸ್ಸಿನ ಕಂಡಕ್ಟರ್. ಕಂಡಕ್ಟರನಿಗೂ ಚೌತಿಗೂ ಏನು ಸಂಬಂಧ ಎಂದು ಡಿಪೋದಲ್ಲಿ ಕೇಳುವವರಿದ್ದಾರೆ. ಏನೋ ವ್ರತ ಹಿಡಿದಿದ್ದಾನೆ ಎಂದುಕೊಂಡವರೂ ಇದ್ದಾರೆ. ಸಂಗತಿ ಇರುವುದು ನೀರಿನಲ್ಲಿ. ನಮ್ಮ ಕಡಲಿಗೆ ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆಯಂದು ಹಗಲು ಹನ್ನೊಂದರ ಸುಮಾರಿಗೆ ತುಂಬಿದ ನೀರು ಮರುದಿನ ಸುಮಾರು 50 ನಿಮಿಷ ತಡವಾಗಿ ತುಂಬುತ್ತದೆ, ಅದರ ಮರುದಿನ ಇನ್ನೂ 50 ನಿಮಿಷ ತಡ. ಹೀಗೆ ಸರಿಯುತ್ತ ಸರಿಯುತ್ತ ಚೌತಿಯ ಹೊತ್ತಿಗೆ ಇಳಿತ ಬೆಳಗಿನ ಏಳೂವರೆಯ ಆಸುಪಾಸಿಗೆ, ಭರತ ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ ಬಂದಿರುತ್ತದೆ. ಬೆಳಕು ಹರಿಯುವಾಗ ಅಳಿವೆಯ ಕೆಸರು ತೆರೆದುಕೊಂಡಿರಬೇಕು, ಊಟದ ಹೊತ್ತಿಗೆ ಅದೇ ಕೆಸರು ಮುಳುಗಿರಬೇಕು. ಕರಾವಳಿಯ ಹಕ್ಕಿಗಳ ದಿನಚರಿಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂದರೆ ನೀರು ಹೀಗೆ ನಮ್ಮ ಜೊತೆ ಸಹಕರಿಸಬೇಕು.

ಚಳಿಗಾಲ ಬಂತೆಂದರೆ ಬಸ್ಸಿಗೆ ಕ್ಯಾಮೆರಾ ಚೀಲ ಹೊತ್ತವರು ಹತ್ತುತ್ತಾರೆ. ಟಿಕೆಟ್ ಕೊಡುವಾಗ ಮೆಲ್ಲಗೆ ವಿಚಾರಿಸುತ್ತಾರೆ: ಗೋಕರ್ಣದ ಬೀಚಿನಲ್ಲಿ ಹಕ್ಕಿ ಸಿಗುತ್ತವಾ? ಸಿಗುತ್ತವೆ. ಕಾಗೆ, ಗರುಡ, ಅದೃಷ್ಟವಿದ್ದರೆ ಒಂದೆರಡು ಬೆಳ್ಳಕ್ಕಿ. ಸಾವಿರಗಟ್ಟಲೆ ಮೈಲಿ ಹಾರಿ ಬಂದ ಅತಿಥಿಗಳನ್ನು ನೋಡಬೇಕಾದರೆ ಗೋಕರ್ಣಕ್ಕೆ ಮೊದಲೇ ಇಳಿಯಬೇಕು, ಇಲ್ಲವೇ ಹೊಳೆಯ ಆಚೆ ದಡಕ್ಕೆ ಹೋಗಬೇಕು.

ಹೊಳೆ ಎಂದರೆ ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಮಿರ್ಜಾನ್ ಕೋಟೆಯ ಪಕ್ಕ ಹಾದು, ಅಘನಾಶಿನಿ ಊರಿಗೂ ತದಡಿಗೂ ನಡುವೆ ಸಮುದ್ರ ಸೇರುತ್ತದೆ. ಇಡೀ ದಾರಿಯಲ್ಲಿ ದೊಡ್ಡ ಅಣೆಕಟ್ಟೆಯಿಲ್ಲ. ಘಟ್ಟದ ಕಾಡಿನ ತರಗೆಲೆ, ಮಣ್ಣು ಎಲ್ಲ ಯಾರ ತಡೆಯೂ ಇಲ್ಲದೆ ಕೆಳಗಿಳಿದು ಅಳಿವೆಯಲ್ಲಿ ಕೂರುತ್ತದೆ. ಆ ಕೆಸರಿನಲ್ಲಿ ಹುಳು, ಬಸವನಹುಳು, ಏಡಿ, ಬಳಚು ಬೆಳೆಯುತ್ತವೆ. ಅವುಗಳನ್ನು ತಿನ್ನಲು ಹಕ್ಕಿ ಬರುತ್ತದೆ, ಬಾಚಲು ಜನ ಬರುತ್ತಾರೆ. 2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರ್ ಜಾಗಕ್ಕೆ ರಾಮ್ಸಾರ್ ತಾಣ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಅದರ ಜೊತೆಗೇ ನಮ್ಮ ರಾಜ್ಯದ ಮಾಗಡಿ ಕೆರೆಗೂ ಅಂಕಸಮುದ್ರಕ್ಕೂ ಸಿಕ್ಕಿತು. ಅಲ್ಲಿಯವರೆಗೆ ಕರ್ನಾಟಕದಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಈ ಸಲ ಜೊತೆಗೆ ಧಾರವಾಡದಲ್ಲಿ ಓದುತ್ತಿರುವ ತಂಗಿಯ ಮಗಳು. ಅವಳಿಗೆ ಹಕ್ಕಿ ಹೊಸದು, ಮೊಬೈಲ್ ಆ್ಯಪ್ ಹಳೆಯದು. ಬೆಳಗಿನ ಜಾವ ಬನ್ಸ್ ಕಟ್ಟಿಕೊಂಡು, ಫ್ಲಾಸ್ಕಿಗೆ ಕಷಾಯ ತುಂಬಿಕೊಂಡು, ಸ್ಕೂಟರಿನಲ್ಲಿ ಕಾಗಾಲ ದಾಟಿ ಅಘನಾಶಿನಿ ಊರಿನ ದಡಕ್ಕೆ ಬಂದಾಗ ನೀರಿನ ಮೇಲೆ ಮಂಜು ಇನ್ನೂ ಕೂತಿತ್ತು. ಮೂಡಣದಿಂದ ತಣ್ಣನೆಯ ಗಾಳಿ. ಆಚೆ ದಡದ ಕಾಂಡ್ಲಾ ಗಿಡಗಳು ಕಂಡೂ ಕಾಣದ ಹಾಗೆ.

ಬಳಚು ತೆಗೆಯುವ ಹೆಂಗಸರ ದೋಣಿ ಆಗಲೇ ಹೊರಟಿತ್ತು. ಅವರಿಗೂ ಹಕ್ಕಿಗೂ ಪಂಚಾಂಗ ಒಂದೇ. ಇಳಿತ ಇದ್ದಷ್ಟು ಹೊತ್ತು ಕೆಲಸ, ನೀರು ಏರಿದರೆ ರಜೆ. ದೋಣಿ ಹತ್ತುತ್ತಿದ್ದ ಹಿರಿಯಾಕೆಯೊಬ್ಬರು ನನ್ನ ಕುತ್ತಿಗೆಯ ದುರ್ಬೀನು ನೋಡಿ ಕೇಳಿದರು, “ಎಂತ ಹುಡುಕ್ತೀಯೋ ತಮಾ? ಹಕ್ಕಿ ಬೇಕಾದ್ರೆ ನಮ್ಮ ಬೆನ್ನಿಗೇ ಬಾ. ನಾವು ಕೆದಕಿದಲ್ಲೇ ಅವೂ ಇರ್ತವೆ.”

ಅದು ನಿಜ. ಅವರು ಇಳಿದ ದಿಬ್ಬದ ಅಂಚಿನಲ್ಲೇ ಹಕ್ಕಿಗಳು ಹರಡಿಕೊಂಡಿದ್ದವು. ಹೆಂಗಸರು ಬಗ್ಗಿ ಎದ್ದು ಮಾಡುತ್ತಿದ್ದರೂ ಅವಕ್ಕೆ ಗಾಬರಿಯಿಲ್ಲ. ನಾನು ದಡದಲ್ಲಿ ನಾಲ್ಕು ಹೆಜ್ಜೆ ಮುಂದಿಟ್ಟರೆ ಮಾತ್ರ ರೆಡ್‌ಶ್ಯಾಂಕ್ ಒಂದು ಕೂಗೆಬ್ಬಿಸಿತು. ಕೆಂಪು ಕಾಲಿನ, ಪಾರಿವಾಳಕ್ಕಿಂತ ತೆಳ್ಳಗಿನ ಈ ಹಕ್ಕಿ ಇಡೀ ಅಳಿವೆಯ ಕಾವಲುಗಾರ. ಇದು ಕೂಗಿದರೆ ಉಳಿದವು ತಲೆಯೆತ್ತುತ್ತವೆ, ಎರಡನೇ ಸಲ ಕೂಗಿದರೆ ಹಾರುತ್ತವೆ. ಹಾಗಾಗಿ ಮೊದಲ ಕೂಗಿಗೇ ಕುಕ್ಕರುಗಾಲಲ್ಲಿ ಕೂತುಬಿಡುವುದು ಒಳ್ಳೆಯದು. ಕೂತೆವು.

“ಮಾವ, ಎಲ್ಲಾ ಒಂದೇ ಥರ ಇವೆಯಲ್ಲ!” ಎಂದಳು ಹುಡುಗಿ ದುರ್ಬೀನಿನಿಂದ ಕಣ್ಣು ತೆಗೆಯದೆ.

ಕರಾವಳಿಯ ಹಕ್ಕಿ ನೋಡಲು ಕೂತವರೆಲ್ಲ ಮೊದಲು ಹೇಳುವ ಮಾತೇ ಇದು. ಮೇಲೆ ಬೂದು ಕಂದು, ಕೆಳಗೆ ಬಿಳಿ, ಕೆಸರಿನ ಮೇಲೆ ಕೆಸರಿನ ಬಣ್ಣ. ಚಳಿಗಾಲದಲ್ಲಿ ಇವು ಉಡುವುದೇ ಈ ಸಾದಾ ಉಡುಗೆ. ಬಣ್ಣದ್ದನ್ನು ಮದುವೆಯ ಊರಲ್ಲಿ ಬಿಚ್ಚಿಟ್ಟು ಬಂದಿರುತ್ತವೆ. ಆದ್ದರಿಂದ ಬಣ್ಣ ಹುಡುಕಬಾರದು, ಉಣ್ಣುವ ರೀತಿ ನೋಡಬೇಕು. ನಾನು ಅವಳಿಗೆ ಪುಸ್ತಕ ತೆಗೆಯಬೇಡ, ಮೊದಲ ಅರ್ಧ ಗಂಟೆ ಯಾವುದು ಹೇಗೆ ತಿನ್ನುತ್ತದೆ ಅಷ್ಟೇ ಹೇಳು ಎಂದೆ.

ಅವಳೇ ಕಂಡುಹಿಡಿದಳು. ಕೆಲವು ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ತಲೆ ಓರೆ ಮಾಡಿ ನೋಡುತ್ತವೆ, ಒಮ್ಮೆ ಕುಕ್ಕಿ ಮತ್ತೆ ಓಡುತ್ತವೆ. ಇವು ಪ್ಲವರ್‌ಗಳು: ಮೋಟು ಕೊಕ್ಕು, ದೊಡ್ಡ ಕಣ್ಣು. ಕಣ್ಣಿನಿಂದ ಬೇಟೆ. ಇನ್ನು ಕೆಲವು ನಿಲ್ಲುವುದೇ ಇಲ್ಲ. ತಲೆ ತಗ್ಗಿಸಿಕೊಂಡು ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿಗೆ ಕೊಕ್ಕು ಚುಚ್ಚುತ್ತ ಚುಚ್ಚುತ್ತ ನಡೆಯುತ್ತವೆ. ಇವು ಸ್ಯಾಂಡ್‌ಪೈಪರ್ ಬಳಗ. ಇವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶದ ನರಗಳು ಒತ್ತಾಗಿವೆ. ಕಾಣದ ಹುಳುವನ್ನು ಕೆಸರಿನೊಳಗೇ ತಡಕಿ ಹಿಡಿಯುತ್ತವೆ. ಕೊಕ್ಕಿನ ಬುಡ ಮುಚ್ಚಿದ್ದಾಗಲೇ ತುದಿಯನ್ನಷ್ಟೇ ತೆರೆಯುವ ಕಸುಬೂ ಕೆಲವಕ್ಕೆ ಗೊತ್ತು. ಕೆಸರಿನೊಳಗೆ ಬಾಯಿ ಪೂರ್ತಿ ತೆರೆಯುವುದು ಎಷ್ಟು ಕಷ್ಟ ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಕೊಕ್ಕು ಎಷ್ಟು ಉದ್ದವೋ ಊಟ ಅಷ್ಟು ಆಳದ್ದು. ಲಿಟಲ್ ಸ್ಟಿಂಟ್ ಗುಬ್ಬಿಗಾತ್ರದ ಹಕ್ಕಿ, ಮೇಲ್ಪದರದಲ್ಲೇ ಅದರ ಸಂಸಾರ. ಕರ್ಲ್ಯೂ ಸ್ಯಾಂಡ್‌ಪೈಪರ್ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಗಾಡ್‌ವಿಟ್ ಮತ್ತು ಕರ್ಲ್ಯೂ ಕಣ್ಣಿನವರೆಗೆ ಕೊಕ್ಕು ಹುಗಿಯುತ್ತವೆ. ಒಂದೇ ದಿಬ್ಬದ ಮೇಲೆ ಇಷ್ಟು ಜಾತಿಗಳು ಜಗಳವಿಲ್ಲದೆ ಉಣ್ಣುವುದು ಹೀಗೆ.

ನಮ್ಮಿಂದ ಹದಿನೈದು ಮಾರು ದೂರದಲ್ಲಿ ವಿಂಬ್ರೆಲ್ ಒಂದು ಬಂತು. ಕೋಳಿಯಷ್ಟು ಎತ್ತರ, ತಲೆಯ ಮೇಲೆ ಪಟ್ಟೆ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಅಲ್ಲೆಲ್ಲ ಒಂದು ಕೊಂಡಿ ಮಾತ್ರ ದೊಡ್ಡದಾಗಿರುವ ಪುಟ್ಟ ಏಡಿಗಳ ಬಿಲ. ಹಕ್ಕಿ ಹತ್ತಿರ ಬಂದ ಹಾಗೆ ಏಡಿಗಳೆಲ್ಲ ಒಳಗೆ. ವಿಂಬ್ರೆಲ್‌ಗೆ ಅವಸರವಿಲ್ಲ. ಒಂದು ಬಿಲದ ಬಾಯಿಗೆ ಕೊಕ್ಕಿಟ್ಟಿತು. ಬಿಲವೂ ಬಾಗಿರುತ್ತದೆ, ಕೊಕ್ಕೂ ಬಾಗಿದೆ. ತಲೆಯನ್ನು ಸ್ವಲ್ಪ ತಿರುವಿತು, ಬುಡದವರೆಗೆ ಇಳಿಸಿತು, ಏಡಿಯ ಸಮೇತ ಎಳೆಯಿತು. ಎಳೆದದ್ದನ್ನು ಹಾಗೇ ನುಂಗಲಿಲ್ಲ. ಕೊಕ್ಕಿನಲ್ಲಿ ಹಿಡಿದು ಝಾಡಿಸಿತು. ದೊಡ್ಡ ಕೊಂಡಿ ಒಂದು ಕಡೆ ಹಾರಿ ಬಿತ್ತು. ಮತ್ತೆ ಝಾಡಿಸಿತು, ಎರಡು ಕಾಲು ಹೋದವು. ಪಕ್ಕದ ನೀರಿನ ಹೊಂಡಕ್ಕೆ ನಡೆದು ಕೆಸರು ಹೋಗುವ ಹಾಗೆ ಅದ್ದಿತು. ಆಮೇಲೆ ಕತ್ತೆತ್ತಿ ಗುಳುಂ. ಬಿದ್ದ ಕಾಲನ್ನು ಎತ್ತಿಕೊಳ್ಳಲು ಇನ್ನೊಂದು ಸಣ್ಣ ಹಕ್ಕಿ ಓಡಿ ಬಂತು. ನಾನು ಬಸ್ಸಿನ ಕಿಟಕಿಯಿಂದ ಇದನ್ನು ಎಷ್ಟೋ ಸಲ ಅರ್ಧಂಬರ್ಧ ಕಂಡಿದ್ದೆ. ಕೂತು ನೋಡಿದರೇ ತೊಳೆಯುವ ಭಾಗ ಸಿಗುವುದು.

“ಇವೆಲ್ಲಾ ಸೈಬೀರಿಯಾದಿಂದ ಬಂದಿದ್ದಾ?” ಎಂದು ಅವಳ ಪ್ರಶ್ನೆ. ಎಲ್ಲವೂ ಅಲ್ಲ. ನಮ್ಮ ಪತ್ರಿಕೆಗಳಿಗೆ ವಿದೇಶಿ ಹಕ್ಕಿ ಎಂದರೆ ಸೈಬೀರಿಯಾ ಎಂಬ ಒಂದು ರೂಢಿ ಬಿದ್ದಿದೆ. ಈ ದಡದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಓಡಾಡುವ ಸ್ಯಾಂಡ್ ಪ್ಲವರ್‌ನ ತವರು ಟಿಬೆಟ್ ಮತ್ತು ಹಿಮಾಲಯದ ಎತ್ತರದ ಬಯಲು. ಲಡಾಖ್‌ನಲ್ಲೂ ಮೊಟ್ಟೆಯಿಡುತ್ತದೆ. ಮೊದಲು ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದು ಒಂದೇ ಲೆಕ್ಕದಲ್ಲಿದ್ದದ್ದನ್ನು ಪಕ್ಷಿಶಾಸ್ತ್ರದವರು ಇತ್ತೀಚೆಗೆ ಎರಡು ಮಾಡಿ, ನಮ್ಮ ಕಡೆ ಬರುವುದನ್ನು ಟಿಬೆಟನ್ ಸ್ಯಾಂಡ್ ಪ್ಲವರ್ ಎನ್ನುತ್ತಿದ್ದಾರೆ. ತದಡಿ ಬಂದರಿನಲ್ಲಿ ಮೀನಿನ ಕರುಳಿಗೆ ಕಚ್ಚಾಡುವ ಕಂದುತಲೆಯ ಗಲ್ ಕೂಡ ಅದೇ ಎತ್ತರದ ಸರೋವರಗಳದ್ದು. ಕರ್ಲ್ಯೂ ಸ್ಯಾಂಡ್‌ಪೈಪರ್ ಮಾತ್ರ ನಿಜವಾಗಿಯೂ ಸೈಬೀರಿಯಾದ ತುತ್ತತುದಿಯ, ಮರವೇ ಬೆಳೆಯದ ಹಿಮಬಯಲಿನ ಹಕ್ಕಿ.

ನನಗೆ ಇದಕ್ಕಿಂತ ದೊಡ್ಡ ಸೋಜಿಗ ಬೇರೆ ಇದೆ. ಆರ್ಕ್ಟಿಕ್‌ನ ಇಂಥ ಎಷ್ಟೋ ಜಾತಿಗಳಲ್ಲಿ ಮರಿಗಳು ಇನ್ನೂ ಬೆಳೆಯುತ್ತಿರುವಾಗಲೇ ದೊಡ್ಡವು ದಕ್ಷಿಣಕ್ಕೆ ಹೊರಟುಬಿಡುತ್ತವೆ. ನಮ್ಮಲ್ಲಿ ಮಳೆ ನಿಲ್ಲುವ ಮುನ್ನ, ಆಗಸ್ಟ್ ಹೊತ್ತಿಗೇ ಮೊದಲ ತಂಡ ಬಂದಿರುತ್ತದೆ. ಮರಿಗಳು ಹಿಂದಿನಿಂದ ತಾವೇ ಬರುತ್ತವೆ. ದಾರಿ ತೋರಿಸಲು ಯಾರೂ ಇಲ್ಲ, ಮೊದಲು ನೋಡಿದ ಊರೂ ಅಲ್ಲ. 2022ರ ಅಕ್ಟೋಬರಿನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್‌ನ ಐದು ತಿಂಗಳ ಮರಿಯೊಂದು, ಬೆನ್ನಿಗೆ ಕಟ್ಟಿದ ಉಪಗ್ರಹ ಸಾಧನದ ಸಮೇತ, ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ 11 ದಿನದಲ್ಲಿ ಟಾಸ್ಮೇನಿಯಾ ತಲುಪಿತು: 13,560 ಕಿಲೋಮೀಟರ್. ಅದೇ ಜಾತಿಯ ಬೇರೊಂದು ಬಳಗ ಭಾರತದ ಪಶ್ಚಿಮ ಕರಾವಳಿಗೂ ಬರುತ್ತದೆ. ಹುಡುಗಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನನ್ನು ಮೊದಲ ಸಲ ಹಾಸ್ಟೆಲಿಗೆ ಬಿಡಲು ಮನೆಯ ಆರು ಜನ ಬಂದಿದ್ದರು ಎಂದಳು.

ಒಂಬತ್ತೂವರೆಗೆ ಸ್ಕೂಟರನ್ನು ದಡದಲ್ಲೇ ಬಿಟ್ಟು ತದಡಿಗೆ ದೋಣಿ ಹತ್ತಿದೆವು. ನೀರು ಏರತೊಡಗಿತ್ತು. ಹೊಳೆಯ ನಡುವೆ ನೆಟ್ಟ ಕಂಬವೊಂದರ ಮೇಲೆ ಆಸ್ಪ್ರೆ ಕೂತು ಮೀನು ತಿನ್ನುತ್ತಿತ್ತು. ಈ ಗಿಡುಗ ಮೀನು ಬಿಟ್ಟು ಬೇರೇನನ್ನೂ ಮೂಸುವುದಿಲ್ಲ ಎಂದರೂ ಆದೀತು. ಅದರ ಹೊರಬೆರಳು ಹಿಂದಕ್ಕೂ ತಿರುಗುತ್ತದೆ. ಜಾರುವ ಮೀನನ್ನು ಮುಂದೆ ಎರಡು, ಹಿಂದೆ ಎರಡು ಬೆರಳಿನಿಂದ ಕಚ್ಚಿ ಹಿಡಿಯುತ್ತದೆ. ಅಂಗಾಲಿನಲ್ಲಿ ಮುಳ್ಳಿನಂಥ ತರಿ. ಹಾರುವಾಗ ಮೀನಿನ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಳ್ಳುತ್ತದೆ, ಗಾಳಿಯ ತಡೆ ಕಡಿಮೆಯಾಗಲಿ ಎಂದು. ದೋಣಿಯವ ಅದನ್ನು ನೋಡಿದ್ದು ಹಕ್ಕಿಗಾಗಿ ಅಲ್ಲ. ಎಂಥ ಮೀನು ಹಿಡಿದಿದೆ ಎಂದು.

ತದಡಿಯ ಬಗ್ಗೆ ಒಂದು ಮಾತು. ಇದೇ ದಡದಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಇತ್ತು. ಮೀನುಗಾರರು, ರೈತರು, ಬಳಚಿನವರು ಎಲ್ಲ ಸೇರಿ ವಿರೋಧಿಸಿದರು, ಯೋಜನೆ ಹಿಂದೆ ಸರಿಯಿತು. ಆಗಿನ ಸಭೆಗಳಿಗೆ ಹೋಗುವವರಿಂದಲೇ ನನ್ನ ಬಸ್ಸು ತುಂಬುತ್ತಿತ್ತು. ಅವರ ಬಾಯಲ್ಲಿ ಹಕ್ಕಿಯ ಮಾತು ಇರಲಿಲ್ಲ, ಮೀನು ಮತ್ತು ಗಜನಿಯ ಮಾತು. ಹಕ್ಕಿಗಳಿಗೆ ಅದರಿಂದಲೇ ಜಾಗ ಉಳಿಯಿತು.

ಗಜನಿ ಎಂದರೆ ಹೊಳೆಯಂಚಿನಲ್ಲಿ ಬದು ಕಟ್ಟಿದ, ಉಪ್ಪುನೀರು ನುಗ್ಗುವ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ನಿಂತಾಗ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಹಲಗೆ ಬಾಗಿಲು ತೆಗೆದು ಹೊಳೆಯ ನೀರು ಬಿಡುತ್ತಾರೆ, ಅದರ ಜೊತೆ ಶೆಟ್ಲಿ, ಮೀನು ಒಳಬರುತ್ತವೆ. ಜನವರಿಯಲ್ಲಿ ಗಜನಿ ತುಂಬ ಬೆಳ್ಳಕ್ಕಿ, ಬಾಯ್ಕಳಕ ಕೊಕ್ಕರೆ, ನೀರುಕಾಗೆ.

ಹನ್ನೊಂದರ ಹೊತ್ತಿಗೆ ಬೆಳಗಿನ ದಿಬ್ಬ ಅರ್ಧ ಮುಳುಗಿತ್ತು. ಹೆಂಗಸರ ದೋಣಿ ವಾಪಸು. ಹಕ್ಕಿಗಳು ಉಳಿದ ಕೆಸರಿನ ಮೇಲೆ ಒತ್ತೊತ್ತಾಗಿ ಸೇರುತ್ತ ಹೋದವು. ಆಮೇಲೆ ಒಂದೊಂದೇ ಗುಂಪು ಎದ್ದು ಬಡಗಣಕ್ಕೆ ಹಾರಿತು. ಸ್ವಲ್ಪ ಹೊತ್ತಿನಲ್ಲಿ ಅಳಿವೆ ಎಂದರೆ ಬರೀ ನೀರು. ಬೇರೆ ಊರಿಂದ ಬಂದ ಹಕ್ಕಿಪ್ರಿಯರು ಸಾಮಾನ್ಯವಾಗಿ ತಲುಪುವುದು ಈ ಹೊತ್ತಿಗೆ. ನೋಡುತ್ತಾರೆ, ಏನೂ ಇಲ್ಲ ಎಂದು ಬರೆದುಕೊಳ್ಳುತ್ತಾರೆ, ಊಟಕ್ಕೆ ಗೋಕರ್ಣಕ್ಕೆ ಹೋಗುತ್ತಾರೆ.

ನಾವು ಆಟೋ ಹಿಡಿದು ಸಾಣಿಕಟ್ಟಾಕ್ಕೆ ಹೋದೆವು.

ಸಾಣಿಕಟ್ಟಾದ ಉಪ್ಪಿನಾಗರ ಬಹಳ ಹಳೆಯದು. ಹೊಳೆಯ ಹಿನ್ನೀರನ್ನು ದೊಡ್ಡ ಕಟ್ಟೆಗಳಿಗೆ ಬಿಟ್ಟುಕೊಂಡು, ಬಿಸಿಲಿಗೆ ಒಣಗಿಸುತ್ತ ಚಿಕ್ಕ ಚಿಕ್ಕ ಮಡಿಗಳಿಗೆ ದಾಟಿಸುತ್ತ, ಕಡೆಗೆ ಉಪ್ಪು ಕಟ್ಟಿಸುವುದು. ಜನವರಿಯಲ್ಲಿ ಉಪ್ಪು ಇನ್ನೂ ಇರುವುದಿಲ್ಲ. ಮಳೆಗೆ ಕುಸಿದ ಬದು ಸರಿಮಾಡುವ, ಮಡಿಯ ನೆಲ ಹದಮಾಡುವ ಕೆಲಸ. ಕಟ್ಟೆಗಳಲ್ಲಿ ನಾಲ್ಕೇ ಬೆರಳು ನೀರು. ಅಳಿವೆಯ ಕೆಸರು ಪೂರ್ತಿ ಮುಳುಗಿರುವ ಗಂಟೆಗಳಲ್ಲಿ ಸುತ್ತಮುತ್ತ ಸಣ್ಣ ಕಾಲಿನ ಹಕ್ಕಿ ನಿಲ್ಲಬಹುದಾದ ಬಯಲು ಇದೊಂದೇ.

ಅಲ್ಲಿ ಇದ್ದವು. ಬೆಳಗ್ಗೆ ಮೈಲುಗಟ್ಟಲೆ ಹರಡಿಕೊಂಡಿದ್ದವು ಈಗ ಎರಡು ಕಟ್ಟೆ, ಮೂರು ಬದುವಿನ ಮೇಲೆ. ಎಲ್ಲದರ ಮುಖ ಪಡುವಣಕ್ಕೆ, ಏಕೆಂದರೆ ಕಡಲ ಗಾಳಿ ಆಗಲೇ ಎದ್ದಿತ್ತು. ಗಾಳಿಗೆ ಎದುರು ನಿಂತರೆ ಪುಕ್ಕ ಕೆದರುವುದಿಲ್ಲ, ಹಾರಬೇಕಾದರೆ ಎತ್ತುವುದೂ ಸುಲಭ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ, ಗ್ರೀನ್‌ಶ್ಯಾಂಕ್ ನೀರಿನಲ್ಲಿ. ಸ್ಯಾಂಡ್ ಪ್ಲವರ್, ಕೆಂಟಿಶ್ ಪ್ಲವರ್ ಒಣ ಬದುವಿನ ಹೆಂಟೆಗಳ ನಡುವೆ ಹೆಂಟೆಗಳ ಹಾಗೇ. ವಿಂಬ್ರೆಲ್‌ಗಳು ಗುಂಪಿನಿಂದ ಸ್ವಲ್ಪ ಆಚೆ, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ಸಿಕ್ಕಿಸಿ. ಹೆಚ್ಚಿನವು ಒಂಟಿ ಕಾಲಿನ ಮೇಲೆ. ದೂರದಲ್ಲಿ ಕೆಂಪು ಕೊಕ್ಕಿನ ದೊಡ್ಡ ಕ್ಯಾಸ್ಪಿಯನ್ ಟರ್ನ್ ಎರಡು.

ಎಣಿಸುವ ಕೆಲಸ ನನ್ನದು. ಐವತ್ತೈದು ಜನ ನಿಂತಿರುವ ಬಸ್ಸಿನಲ್ಲಿ ಯಾರಿಗೆ ಟಿಕೆಟ್ ಆಗಿಲ್ಲ ಎಂದು ಹೇಳಬಲ್ಲವನಿಗೆ ಇದು ಬರಲೇಬೇಕು. ಮೊದಲು ಹತ್ತು ಎಣಿಸಿ, ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಿಗೆ ಕಟ್ಟಿಕೊಳ್ಳಬೇಕು. ಆ ಅಳತೆಯಲ್ಲಿ ಐವತ್ತು, ನೂರು. ಆಮೇಲೆ ನೂರರ ಅಳತೆ ಹಿಡಿದು ಬದುವಿನ ಉದ್ದಕ್ಕೆ ಸಾಗುವುದು. ಒಂದು ಬದುವಿನಲ್ಲಿ ಸಣ್ಣ ಪ್ಲವರ್‌ಗಳೇ ಸುಮಾರು ಆರು ನೂರು ಬಂದವು. ಹುಡುಗಿ ಬೇರೆಯಾಗಿ ಎಣಿಸಿ ಐನೂರೈವತ್ತು ಎಂದಳು.

ಅಷ್ಟರಲ್ಲಿ ಎಲ್ಲವೂ ಒಟ್ಟಿಗೆ ಎದ್ದವು. ಮಾರ್ಷ್ ಹ್ಯಾರಿಯರ್ ಬಂದಿತ್ತು, ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಬದುವಿನ ಮೇಲೆ ತಗ್ಗಿ ತೇಲುತ್ತ. ಗುಂಪು ಒಂದು ಸಲ ತಿರುಗಿದರೆ ಬೆಳ್ಳಗೆ, ಇನ್ನೊಂದು ಸಲ ತಿರುಗಿದರೆ ಮಣ್ಣಿನ ಬಣ್ಣಕ್ಕೆ ಮಾಯ. ಹ್ಯಾರಿಯರ್‌ಗೆ ಏನೂ ಸಿಗಲಿಲ್ಲ, ಹೋಯಿತು. ಇವು ಮತ್ತೆ ಇಳಿದವು. ನೋಡಲು ಸೊಗಸು. ಆದರೆ ಲೆಕ್ಕ ಹಾಕಿದರೆ ಇದು ಹಕ್ಕಿಗೆ ದಂಡ. ಬೆಳಗ್ಗೆ ಸಂಪಾದಿಸಿದ್ದರಲ್ಲಿ ಒಂದು ಪಾಲು ಈ ಎರಡು ಸುತ್ತಿನಲ್ಲಿ ಸುಟ್ಟುಹೋಯಿತು. ಮಾರ್ಚ್–ಏಪ್ರಿಲ್‌ನಲ್ಲಿ ವಾಪಸು ಹೊರಡುವ ಮೊದಲು ಇವು ಕೊಬ್ಬು ಕೂಡಿಟ್ಟುಕೊಳ್ಳಬೇಕು. ಕೆಲವು ಜಾತಿಗಳ ತೂಕ ಆಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಹ್ಯಾರಿಯರ್ ದಿನಕ್ಕೆ ಒಂದೆರಡು ಸಲ ಬರುತ್ತದೆ, ಅದು ಸೃಷ್ಟಿಯ ಕರಾರು. ನಾಯಿ ಹತ್ತು ಸಲ ನುಗ್ಗಿದರೆ, ಮದುವೆಯ ಮುಂಚಿನ ಫೋಟೊ ತೆಗೆಸುವ ಜೋಡಿಗಾಗಿ ಡ್ರೋನ್ ಹತ್ತು ಸಲ ಹಾರಿದರೆ, ಕೂಡಿಟ್ಟದ್ದು ಅಲ್ಲೇ ಕರಗುತ್ತದೆ.

ನಾನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಈ ಒಂದು ವಿಷಯಕ್ಕೆ. ಕಡಲಂಚಿನ ಹಕ್ಕಿಗೆ ಎರಡು ಜಾಗ ಬೇಕು: ಇಳಿತದಲ್ಲಿ ಉಣ್ಣಲು ಒಂದು, ಭರತದಲ್ಲಿ ನಿಲ್ಲಲು ಇನ್ನೊಂದು. ಎರಡೂ ಹತ್ತಿರ ಹತ್ತಿರ ಇರಬೇಕು, ದಿನಕ್ಕೆ ಎರಡು ಸಲ ಓಡಾಡಬೇಕಲ್ಲ. ಉಣ್ಣುವ ಜಾಗದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ: ಅಳಿವೆ, ಕಾಂಡ್ಲಾ, ರಾಮ್ಸಾರ್. ನಿಲ್ಲುವ ಜಾಗ ನೋಡಲು ಏನೂ ಅಲ್ಲದ ಬಯಲು. ಯಾರದೋ ಉಪ್ಪಿನ ಮಡಿ, ಯಾರದೋ ಪಾಳು ಗಜನಿ. ಉಪ್ಪಿನಲ್ಲಿ ಲಾಭವಿಲ್ಲ ಎಂದು ನಾಳೆ ಅಲ್ಲಿಗೆ ಮಣ್ಣು ಬಿದ್ದರೆ, ಇಲ್ಲವೇ ಆಳ ತೋಡಿ ಸೀಗಡಿ ಹೊಂಡ ಮಾಡಿದರೆ, ಪರಿಸರದ ನಷ್ಟ ಎಂದು ಯಾವ ಕಾಗದದಲ್ಲೂ ಬರುವುದಿಲ್ಲ. ಅಳಿವೆಯ ಕೆಸರು ಹಾಗೇ ಇರುತ್ತದೆ, ಹುಳುವೂ ಇರುತ್ತದೆ, ತಿನ್ನುವವು ಕಡಿಮೆಯಾಗುತ್ತವೆ. ಒಳ್ಳೆಯ ಕಾಡು ಉಳಿಸುವುದು ನಮಗೆ ಗೊತ್ತಾಗಿದೆ. ಆಗರದ ಬದು ಉಳಿಯಬೇಕಾದರೆ ಆಗರದ ಕೂಲಿ ಕಟ್ಟಬೇಕು, ಆ ಉಪ್ಪಿಗೆ ಬೆಲೆ ಸಿಗಬೇಕು. ನನ್ನ ಮನೆಯ ಉಪ್ಪಿನಕಾಯಿಗೆ ಸಾಣಿಕಟ್ಟಾದ ಉಪ್ಪೇ.

ಕಡಿಮೆಯಾಗುತ್ತಿರುವುದು ಊಹೆಯಲ್ಲ. 2024ರ ಅಕ್ಟೋಬರಿನಲ್ಲಿ ಜಾಗತಿಕ ಕೆಂಪುಪಟ್ಟಿಯ ಪರಿಷ್ಕರಣೆ ಬಂದಾಗ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲವರ್ ಎರಡನ್ನೂ ಅಪಾಯದಂಚಿನ ಸಾಲಿಗೆ ಏರಿಸಿದರು. ಎರಡೂ ಅವತ್ತು ನಮ್ಮ ಮುಂದೆ ನಿಂತಿದ್ದವು.

ಉಪ್ಪಿಗೂ ಹಕ್ಕಿಗೂ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ನಂಟಿದೆ. ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿ ಈ ಕಡೆ ತಿರುಗಾಡಿದವನು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. 1851ರಲ್ಲಿ ಸಾತಾರಾದಲ್ಲಿ ಹುಟ್ಟಿದವ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಜನರಲ್ಲಿ ಒಬ್ಬ. ‘ಇಎಚ್‌ಎ’ ಎಂಬ ಮೂರಕ್ಷರದಲ್ಲಿ ಹಕ್ಕಿ, ಹುಳು, ಇಲಿಗಳ ಬಗ್ಗೆ ನಗುನಗುತ್ತ ಬರೆದ. ಉಪ್ಪಿನ ಕಳ್ಳಸಾಗಣೆ ಹಿಡಿಯಲು ನಿಂತವನು ಬದುವಿನ ಮೇಲೆ ಬೇರೆ ಏನೇನು ಕಂಡಿರಬಹುದು ಎಂದು ನಾನು ಬಸ್ಸಿನಲ್ಲಿ ಆಗರದ ತಿರುವು ಬಂದಾಗಲೆಲ್ಲ ಯೋಚಿಸುತ್ತೇನೆ. ಇಲಾಖೆಯ ಕೆಲಸದ ನಡುವೆ ಹಕ್ಕಿ ನೋಡುವುದಕ್ಕೆ ನಮ್ಮ ಕಡೆ ದೊಡ್ಡ ಪರಂಪರೆ ಇದೆ ಎಂದು ಮನೆಯಲ್ಲಿ ವಾದಿಸಲೂ ಅನುಕೂಲ.

ಮೂರರವರೆಗೆ ಅಲ್ಲೇ ಕಳೆದೆವು. ಮಧ್ಯಾಹ್ನದ ಝಳಕ್ಕೆ ದುರ್ಬೀನಿನಲ್ಲಿ ಎಲ್ಲ ಕುಣಿಯತೊಡಗಿದಾಗ ಗೋಕರ್ಣಕ್ಕೆ ಹೋಗಿ ಊಟ ಮಾಡಿ, ಸಂಜೆಗೆ ಗಂಗಾವಳಿ ಹೊಳೆಯ ಬಾಯಿಗೆ ನಡೆದೆವು. ಊರಿನ ಗದ್ದಲ ಅಲ್ಲಿಗೆ ಬರುವುದಿಲ್ಲ. ನೀರು ಇಳಿದು ಮರಳ ದಿಣ್ಣೆ ಎದ್ದಿತ್ತು, ದಿಣ್ಣೆಯ ಮೇಲೆ ಗಲ್ ಮತ್ತು ಟರ್ನ್‌ಗಳ ಸಂತೆ. ಟರ್ನ್‌ಗಳಲ್ಲಿ ಕೊಕ್ಕಿನ ಬಣ್ಣ ನೋಡಿದರೆ ಅರ್ಧ ಕೆಲಸ ಮುಗಿದಂತೆ: ಕಿತ್ತಳೆಯದಾದರೆ ಲೆಸ್ಸರ್ ಕ್ರೆಸ್ಟೆಡ್, ನಿಂಬೆ ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪಿದ್ದು ತುದಿ ಮಾತ್ರ ಹಳದಿಯಾದರೆ ಸ್ಯಾಂಡ್‌ವಿಚ್.

ಅಲೆಯ ಅಂಚಿನಲ್ಲಿ ಸ್ಯಾಂಡರ್ಲಿಂಗ್‌ಗಳು. ಅಲೆ ಹಿಂದಕ್ಕೆ ಹೋದರೆ ಅದರ ಬೆನ್ನಿಗೆ ಓಡುತ್ತವೆ, ಮರಳಿನಲ್ಲಿ ಬಿಟ್ಟು ಹೋದದ್ದನ್ನು ಹೆಕ್ಕುತ್ತವೆ, ಮುಂದಿನ ಅಲೆ ಬಂದರೆ ಕಾಲು ತೋಯದ ಹಾಗೆ ಮೇಲಕ್ಕೆ ಓಡುತ್ತವೆ. ಉಳಿದ ಸ್ಯಾಂಡ್‌ಪೈಪರ್‌ಗಳಿಗೆ ಇರುವ ಹಿಂಬೆರಳು ಇವಕ್ಕಿಲ್ಲ. ಮೂರೇ ಬೆರಳು. ಒದ್ದೆ ಮರಳಿನ ಮೇಲೆ ಅದರ ಹೆಜ್ಜೆ ಗುರುತು ಹುಡುಕಿ ಹುಡುಗಿ ಫೋಟೊ ತೆಗೆದುಕೊಂಡಳು.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. 8×42 ಎಂದು ಬರೆದಿರುವ ದುರ್ಬೀನು ಸಾಕು. ಕಾಲಿಗೆ ಚಪ್ಪಲಿ ಬೇಡ, ಕೆಸರು ಕಿತ್ತುಕೊಳ್ಳುತ್ತದೆ. ಆಗರದ ಬದುವಿನ ಮೇಲೆ ನಡೆಯುವುದಾದರೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿಯೇ ನಡೆಯಿರಿ. ರಸ್ತೆಯ ಮಗ್ಗುಲಿಂದಲೇ ಬೇಕಾದಷ್ಟು ಕಾಣುತ್ತದೆ. ಮಾದನಗೇರಿ ಕಡೆಯಿಂದ ಬರುವ ಬಸ್ಸಾದರೆ ಗೋಕರ್ಣದ ಟಿಕೆಟ್ ತೆಗೆದುಕೊಳ್ಳಬೇಡಿ, ಸಾಣಿಕಟ್ಟಾ ಎಂದು ಹೇಳಿ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಏಷ್ಯಾದ ಉದ್ದಗಲಕ್ಕೂ, 1987ರಿಂದ. ಎಣಿಸುವ ಕೈಗಳು ನಮ್ಮ ಕರಾವಳಿಯಲ್ಲಿ ಯಾವತ್ತೂ ಕಡಿಮೆಯೇ. ಕನ್ನಡದಲ್ಲಿ ಓದಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ದಿಂದ ಶುರುಮಾಡಿ. ನಾನು ಶುರುಮಾಡಿದ್ದು ಅಲ್ಲಿಂದಲೇ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬಂದರೆ, ಬೂದು ಬಣ್ಣದ ಸ್ಯಾಂಡ್ ಪ್ಲವರ್‌ನ ಎದೆ ಕಾವಿ ಕೆಂಪಾಗಿರುವುದನ್ನೂ, ಕರ್ಲ್ಯೂ ಸ್ಯಾಂಡ್‌ಪೈಪರ್ ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುವುದನ್ನೂ ನೋಡಬಹುದು. ಕೆಲವು ಎಳೆಯ ಹಕ್ಕಿಗಳು ಮೊದಲ ವರ್ಷ ಹೊರಡುವುದೇ ಇಲ್ಲ. ಇಲ್ಲಿಯ ಮಳೆಗಾಲವನ್ನು ಇಲ್ಲೇ ನೆನೆದು ಕಳೆಯುತ್ತವೆ.

ಬಸ್‌ಸ್ಟ್ಯಾಂಡಿನಲ್ಲಿ ಪಟ್ಟಿ ಆ್ಯಪಿಗೆ ಏರಿಸುವಾಗ ನಮಗಿಬ್ಬರಿಗೂ ಸಣ್ಣ ಜಗಳವಾಯಿತು. ಗಂಗಾವಳಿಯ ದಿಣ್ಣೆಯ ಆಚೆ ತುದಿಯಲ್ಲಿ, ಕಂದುತಲೆಯ ಗಲ್‌ಗಳ ನಡುವೆ, ಮೈಯೆಲ್ಲ ಕಂದು ಚುಕ್ಕೆಯ ದೊಡ್ಡ ಗಲ್ ಒಂದಿತ್ತು. ನಾನು ಹ್ಯೂಗ್ಲಿನ್ಸ್‌ನ ಎಳೆಯದು ಎಂದೆ. ಅವಳು ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿ, ಸ್ಟೆಪ್ ಗಲ್ ಯಾಕಾಗಬಾರದು ಎಂದಳು. ದೊಡ್ಡ ಗಲ್‌ಗಳ ಮರಿಗಳನ್ನು ಗುರುತಿಸುವುದರಲ್ಲಿ ಪಂಡಿತರೇ ಪರಸ್ಪರ ಒಪ್ಪುವುದಿಲ್ಲ. ಜಾತಿ ಖಚಿತವಿಲ್ಲದಿದ್ದರೆ ಬರೀ ‘ಗಲ್’ ಎಂದು ದಾಖಲಿಸಲು ಆ್ಯಪಿನಲ್ಲಿ ಅವಕಾಶವಿದೆ, ಲೆಕ್ಕ ಇಡುವವರಿಗೂ ಹಾಗೆ ಬರೆದದ್ದೇ ಹೆಚ್ಚು ಉಪಯೋಗ. ಅವಳು ಹಾಗೇ ಒತ್ತಿದಳು. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂತು. ಕಂಡಕ್ಟರ್ ಪರಿಚಯದವನೇ, ಕಿಟಕಿ ಪಕ್ಕ ಸೀಟು ಕೊಟ್ಟ.